ವಿಶಾಖಾಬಾಯಿ ಮತ್ತು ಔರಾದಿನ ಗಂಟೆ

ನಮೋ ಬುದ್ಧಾಯ, ಜೈ ಭೀಮ. ಶರಣು ಶರಣಾರ್ಥಿ. ಆದಾಬ್. ಬೀದರಿನ ಮೈಲೂರು ಬಡಾವಣೆಯ ಈ ಸಭಾಭವನದಲ್ಲಿ ಯಾರಿಗೆ ಯಾವ ನಮಸ್ಕಾರ ಸಲ್ಲಬೇಕೋ ಅದು ಸಲ್ಲಲಿ. ಮುಂದಿನ ಸಾಲಿನಲ್ಲಿ ಕುಳಿತಿರುವ ವಿಶಾಖಾಬಾಯಿಯವರ ತಾಯಿ ಕೇಶರಬಾಯಿಯವರೇ, ಪತಿ ಅಶ್ವಜಿತ ಅವರೇ, ಮಗಳೇ ಕರುಣಾ, ಟ್ರಸ್ಟಿನ ಕಾರ್ಯದರ್ಶಿ ಹಾವಗೆಪ್ಪನವರೇ, ಭಾಲ್ಕಿಯಿಂದ, ಔರಾದಿನಿಂದ ಬಸ್ಸು ಹಿಡಿದು ಬಂದಿರುವ ಎಲ್ಲರೇ —

ಫೋನುಗಳನ್ನು ಬಂದ್ ಮಾಡಿ ಎಂದು ಆಗಲೇ ಹೇಳಿದರು. ನೀವೆಲ್ಲ ಮಾಡಿದ್ದೀರಿ. ನಾನು ಮಾಡಿಲ್ಲ. ಇಗೋ, ಇಲ್ಲಿ, ವಿಶಾಖಾಬಾಯಿಯವರ ಫೋಟೋದ ಮುಂದೆ ಇಡುತ್ತಿದ್ದೇನೆ. ಯಾಕೆ ಅಂತ ಕೊನೆಗೆ ಹೇಳುತ್ತೇನೆ, ಅಲ್ಲಿಯವರೆಗೆ ದಯವಿಟ್ಟು ಸಹಿಸಿಕೊಳ್ಳಿ.

ನನ್ನ ಹೆಸರು ಓಂಪ್ರಕಾಶ. ವಿಶಾಖಾಬಾಯಿಯವರ ಎದುರಿನ ಮೇಜಿನಲ್ಲಿ ಕುಳಿತು ವರ್ಷಗಟ್ಟಲೆ ಕೆಲಸ ಮಾಡಿದವನು. ಕೆಲಸ ಮಾಡಿದಷ್ಟೇ ಜಗಳವನ್ನೂ ಆಡಿದವನು. ನಮ್ಮ ಆಫೀಸಿನ ಕೆಳಗೆ ಅಂಗಡಿ ಇಟ್ಟವರು ಬಂದಿದ್ದಾರೆ, ಕೇಳಿ ನೋಡಿ, ನಮ್ಮಿಬ್ಬರ ದನಿ ಅವರ ಗಿರಾಕಿಗಳಿಗೂ ಬಾಯಿಪಾಠ. ಆದರೆ ಇವತ್ತು ನಾನು ಅಳುವುದಕ್ಕೆ ಇಲ್ಲಿ ನಿಂತಿಲ್ಲ. ಬೆಳಿಗ್ಗೆ ಮನೆಗೆ ಹೋದಾಗ ಕೇಶರಬಾಯಿಯವರು, ನಮ್ಮೆಲ್ಲರ ಆಯಿ, ನನ್ನ ಕೈ ಹಿಡಿದು ಒಂದು ಮಾತು ಹೇಳಿದರು.

“ಓಂಪ್ರಕಾಶ, ಅಳೋ ಮಾತು ಬ್ಯಾಡಪ್ಪ. ನನ್ನ ಮಗಳು ಭಾಳ ಶಾಣ್ಯಾಕಿ ಇದ್ದಳು ಅಂತ ಎಲ್ಲಾರೂ ಅಂತಾರ. ಏನ್ ಶಾಣ್ಯಾತನ ಮಾಡ್ಯಾಳ ಅಂತ ಒಬ್ಬರೂ ಹೇಳವಲ್ಲರು. ನೀ ನನಗ ತಿಳಿಯಂಗ ಹೇಳು.”

ಆಯಿ, ಹೇಳುತ್ತೇನೆ. ಇದು ನಿಮಗಾಗಿಯೇ. ಉಳಿದವರು ಪಕ್ಕದಲ್ಲಿ ಕುಳಿತು ಕೇಳಲಿ.

ಬಗದಲ್‌ನಲ್ಲಿ ಹುಟ್ಟಿ, ಅಲ್ಲಿಯ ಶಾಲೆಯಲ್ಲಿ ಕಲಿತು, ಬೀದರಿನಲ್ಲೇ ಇಂಜಿನಿಯರಿಂಗ್ ಮುಗಿಸಿ, ಬೀದರಿನಲ್ಲೇ ಉಳಿದ ನಿಮ್ಮ ಮಗಳು ಒಂದು ಡಬ್ಬಿಗೆ ಬುದ್ಧಿ ಕೊಟ್ಟರು. ಇಷ್ಟು ದೊಡ್ಡದು — ಎರಡು ಕೈಯಲ್ಲಿ ಹಿಡಿಯುವಷ್ಟು. ಎದೆನೋವು ಎಂದು ಬಂದವರ ಎದೆಗೆ, ಕೈಕಾಲಿಗೆ ತಂತಿ ಹಚ್ಚಿ ಇಸಿಜಿ ತೆಗೆಯುತ್ತಾರಲ್ಲ, ಆ ಗೆರೆಗಳನ್ನು ಔರಾದಿನ ದವಾಖಾನೆಯಿಂದ, ಭಾಲ್ಕಿಯ ದವಾಖಾನೆಯಿಂದ ಬೀದರಿನ ಹೃದಯದ ಡಾಕ್ಟರ ಮೇಜಿಗೆ ಮುಟ್ಟಿಸುವ ಡಬ್ಬಿ ಅದು. ಡಾಕ್ಟರು ನೋಡಿ, ಗಾಬರಿ ಇಲ್ಲ, ಮನೆಗೆ ಕಳಿಸಿ, ಅಥವಾ ಈ ಕ್ಷಣ ಗಾಡಿಗೆ ಹಾಕಿ ಅನ್ನುತ್ತಾರೆ. ಡಬ್ಬಿಯ ತಗಡು, ತಂತಿ, ಗುಂಡಿ ನನ್ನದು. ಒಳಗಿನ ಆಪರೇಟಿಂಗ್ ಸಿಸ್ಟಂ ಅವರದು. ಹಾಗೆಂದರೆ ಯಂತ್ರದ ಒಳಗೆ ಕೂತ ಯಜಮಾನ. ಗುಂಡಿ ಒತ್ತಿದರೆ ಯಾರು ಓಡಬೇಕು, ಯಾವ ಕೆಲಸ ಮೊದಲು, ಯಾವುದು ಆಮೇಲೆ, ಎಲ್ಲ ಅವನ ಹುಕುಂ. ಎಲ್ಲರಿಗೂ ಪುಕ್ಕಟೆ ಸಿಗುವ ಒಂದು ಸಿಸ್ಟಂ ತಂದು, ನಮ್ಮ ಡಬ್ಬಿಗೆ ಹೊಂದುವಂತೆ ಅದರ ಒಳಗನ್ನು ವಿಶಾಖಾಬಾಯಿ ತಿದ್ದಿದ್ದರು. ಇಡೀ ಜಿಲ್ಲೆಯಲ್ಲಿ ಆ ಕೆಲಸಕ್ಕೆ ಕೈ ಹಾಕುವವರನ್ನು ನಾನು ಬೇರೆ ಕಂಡಿಲ್ಲ. ಇದನ್ನು ನಾನು ಅವರ ಎದುರಿಗೆ ಎಂದೂ ಹೇಳಲಿಲ್ಲ. ಹೇಳಿದ್ದರೆ ಮರುದಿನದಿಂದ ನನ್ನ ತಂತಿಗಳಲ್ಲಿ ಇನ್ನಷ್ಟು ತಪ್ಪು ಹುಡುಕುತ್ತಿದ್ದರು.

ಎಲ್ಲ ಚೆನ್ನಾಗಿ ನಡೆದಿತ್ತು. ಆಮೇಲೆ — ಔರಾದಿನ ಡಬ್ಬಿ ನಡುನಡುವೆ ಕೈಕೊಡತೊಡಗಿತು.

ನಡುನಡುವೆ ಅನ್ನುವುದೇ ಕಷ್ಟ ನೋಡಿ. ಪೂರ್ತಿ ಕೆಟ್ಟರೆ ಬಿಚ್ಚಿ ರಿಪೇರಿ ಮಾಡಬಹುದು. ಇದು ಬೆಳಗಿನಿಂದ ಒಂದರ ಹಿಂದೊಂದು ಇಸಿಜಿ ಸರಿಯಾಗಿ ಕಳಿಸುತ್ತದೆ. ಆಮೇಲೆ ಒಂದಕ್ಕೆ ಮಾತ್ರ ಪರದೆಯ ಮೇಲೆ “ಕಳಿಸಲು ಆಗಲಿಲ್ಲ” ಅನ್ನುತ್ತದೆ. ಮತ್ತೆ ಸರಿ. ಸಂಜೆಗೆ ಮತ್ತೊಂದು. ಹೀಗೇ ಒಂದು ದಿನ, ಎದೆ ಹಿಡಿದುಕೊಂಡು ಬಂದ ಒಬ್ಬ ಮಾಸ್ತರರ ಇಸಿಜಿ ಬೀದರಿಗೆ ಬರಲೇ ಇಲ್ಲ. ಡಾಕ್ಟರು ಕಾದರು. ಔರಾದಿನವರು, ಹೋಗಿದೆ ಎಂದುಕೊಂಡು, ಡಾಕ್ಟರ ಉತ್ತರಕ್ಕೆ ಕಾದರು. ಕೊನೆಗೆ ಮನೆಯವರೇ ಜೀಪಿನಲ್ಲಿ ಹಾಕಿಕೊಂಡು ಬೀದರಿಗೆ ಓಡಿಬಂದರು. ಮಾಸ್ತರರು ಉಳಿದರು. ಆದರೆ ಇನ್ನು ಯಾರನ್ನಾದರೂ ಹಿಡಿದು ಕೇಳಲೇಬೇಕು ಎನ್ನುವ ಸಿಟ್ಟು ಈ ದವಾಖಾನೆಗಳನ್ನು ನಡೆಸುವ ಟ್ರಸ್ಟಿನಲ್ಲಿ ಎದ್ದಿತು.

ಸಿಕ್ಕವರು ಬಿಸ್ಮಿಲ್ಲಾಬೀ. ಎದ್ದು ನಿಲ್ಲಬೇಡಿ, ಕೂತೇ ಇರಿ ಬಿಸ್ಮಿಲ್ಲಾಬೀ, ಎಲ್ಲರೂ ನೋಡುತ್ತಾರೆ. ಔರಾದಿನ ದವಾಖಾನೆಯಲ್ಲಿ ಇಸಿಜಿ ತೆಗೆಯುವವರು ಇವರೇ. ಡಬ್ಬಿ ಕೈಕೊಟ್ಟಾಗಲೆಲ್ಲ ಅದರ ಮುಂದೆ ಇದ್ದವರು ಇವರೇ.

ನಾವು ಮಾಡಬೇಕಾದ್ದನ್ನೆಲ್ಲ ಮಾಡಿದೆವು. ಲೈನ್ ನೋಡಿದೆವು, ಟವರ್ ನೋಡಿದೆವು, ಕರೆಂಟ್ ನೋಡಿದೆವು. ಭಾಲ್ಕಿಯ ಡಬ್ಬಿಯನ್ನು ಔರಾದಿಗೆ, ಔರಾದಿನದನ್ನು ಭಾಲ್ಕಿಗೆ ಹಾಕಿದೆವು. ಕೆಟ್ಟದ್ದೆಂದುಕೊಂಡ ಡಬ್ಬಿ ಭಾಲ್ಕಿಯಲ್ಲಿ ಸುಮ್ಮನೆ ಕೆಲಸ ಮಾಡಿತು. ಒಳ್ಳೆಯದೆಂದುಕೊಂಡದ್ದು ಔರಾದಿನಲ್ಲಿ ಕೈಕೊಟ್ಟಿತು. ಆಗ ಹಾವಗೆಪ್ಪನವರು — ಮುಖ ತಿರುಗಿಸಬೇಡಿ ಸಾಹೇಬ್ರ, ಈ ಕಥೆಯಲ್ಲಿ ಕೊನೆಗೆ ನಿಮ್ಮ ಮಾನವೂ ಉಳಿಯುತ್ತದೆ — ಒಂದು ಮಾತು ಹೇಳಿದರು.

“ಡಬ್ಬಿ ಬದಲ್ ಮಾಡಿ ನೋಡಿದ್ರಿ. ಈಗ ಮನಷ್ಯಾರ್ನ ಬದಲ್ ಮಾಡಿ ನೋಡ್ರಿ.”

ಭಾಲ್ಕಿಯಲ್ಲಿ ಇಸಿಜಿ ತೆಗೆಯುವ ಮಡೆಪ್ಪನನ್ನು ಕೆಲವು ದಿನ ಔರಾದಿಗೆ ಹಾಕಿದರು. ಒಂದೇ ಒಂದು ಇಸಿಜಿ ನಿಲ್ಲಲಿಲ್ಲ. ಬಿಸ್ಮಿಲ್ಲಾಬೀ ತಿರುಗಿ ಬಂದು ಕೂತರು, ಮತ್ತೆ “ಕಳಿಸಲು ಆಗಲಿಲ್ಲ.” ಇನ್ನೇನು ಬೇಕು? ನಮ್ಮ ಆಫೀಸಿನಲ್ಲೇ ಆ ದೋಷಕ್ಕೆ “ಬಿಸ್ಮಿಲ್ಲಾಬೀ ಪ್ರಾಬ್ಲಂ” ಎಂದು ಹೆಸರು ಬಿತ್ತು. ಟ್ರಸ್ಟಿನವರು ಅವರನ್ನು ಕೆಲಸದಿಂದ ತೆಗೆಯಲು ಸಭೆ ಗೊತ್ತು ಮಾಡಿದರು. ಆ ವಯಸ್ಸಿನಲ್ಲಿ, ಊರೆಲ್ಲ ಗುರುತಿರುವ ಒಬ್ಬ ಹೆಂಗಸು, ಮಾಸ್ತರರ ಜೀವಕ್ಕೆ ಕುತ್ತು ತಂದವಳು ಎನ್ನಿಸಿಕೊಂಡು ಆ ದವಾಖಾನೆಯ ಮೆಟ್ಟಿಲು ಇಳಿಯಬೇಕಿತ್ತು.

ಆಯಿ, ಇಲ್ಲಿಂದ ನಿಮ್ಮ ಮಗಳ ಶಾಣ್ಯಾತನ ಶುರುವಾಗುತ್ತದೆ.

ವಿಶಾಖಾಬಾಯಿ ಆಫೀಸಿನ ಬೋರ್ಡಿನ ಮೇಲಿದ್ದ ಆ ಹೆಸರನ್ನು ಅಂಗೈಯಿಂದಲೇ ಒರೆಸಿದರು. ಒರೆಸಿ ನಮ್ಮ ಕಡೆ ತಿರುಗಿ ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ. “ನಮಗ ಗೊತ್ತಾಗಿಲ್ಲಂದ್ರ ಗೊತ್ತಾಗಿಲ್ಲ ಅಂತ ಬರೀರಿ. ಗೊತ್ತಿಲ್ಲದ್ದಕ್ಕ ಮನಷ್ಯಾರ ಹೆಸರು ಇಡಬ್ಯಾಡ್ರಿ.”

ನಾನು ವಾದಿಸಿದೆ. ಸಾಕ್ಷಿ ಕಣ್ಣ ಮುಂದೆ ಇದೆಯಲ್ಲ ಬಾಯಿ ಅಂದೆ. ಅವರು ಒಪ್ಪಿದರು! ಹೌದು, ಬಿಸ್ಮಿಲ್ಲಾಬೀ ಇದ್ದಾಗ ಮಾತ್ರ ಆಗುತ್ತದೆ, ಅದು ಖರೇ ಎಂದರು. ಹಾಗಾದರೆ ಅವರು ಏನೋ ಒಂದು ಮಾಡುತ್ತಾರೆ, ಮಡೆಪ್ಪ ಅದನ್ನು ಮಾಡುವುದಿಲ್ಲ, ಆ ಒಂದನ್ನು ನಮ್ಮ ಡಬ್ಬಿ ತಾಳುವುದಿಲ್ಲ. ತಾಳದೆ ಇರುವುದು ಡಬ್ಬಿಯ ತಪ್ಪು. ಅವರ ತರ್ಕ ಇಷ್ಟು ನೇರ. ಟ್ರಸ್ಟಿನಿಂದ ಸ್ವಲ್ಪ ವಾಯಿದೆ ಕೇಳಿಕೊಂಡು ನಾವಿಬ್ಬರೂ ಹಾವಗೆಪ್ಪನವರೊಂದಿಗೆ ಔರಾದಿಗೆ ಹೋದೆವು.

ಹೋದರೆ ಏನಾಗಬೇಕು? ಬಿಸ್ಮಿಲ್ಲಾಬೀ ನಮಗೆ ಕುರ್ಚಿ ಹಾಕಿಸಿದರು. ಚಹಾ ತರಿಸಿದರು. ನಾವು ಅವರ ಕೆಲಸ ಕಳೆಯಲು ಬಂದವರು ಎಂದು ಗೊತ್ತಿದ್ದೂ ಬಿಸ್ಕೀಟು ತರಿಸಿದರು. ನಾವು ಕೂತಿರುವಷ್ಟು ಹೊತ್ತು ಡಬ್ಬಿ ಒಂದನ್ನೂ ತಪ್ಪಿಸದೆ ಎಲ್ಲವನ್ನೂ ಕಳಿಸಿತು. ವಾಪಸು ಬರುವಾಗ ಹಾವಗೆಪ್ಪನವರ ಮನಸ್ಸಿನಲ್ಲಿ ಏನಿತ್ತೆಂದು ನಮಗೆ ತಿಳಿಯುತ್ತಿತ್ತು: ನಾವು ಎದುರಿಗಿದ್ದರೆ ಬರಾಬರ್, ಬೆನ್ನು ತಿರುಗಿಸಿದರೆ ಗಡಬಡ. ಬಿಸ್ಮಿಲ್ಲಾಬೀ ಮೇಲಿನ ಅನುಮಾನ ಇನ್ನೂ ಗಟ್ಟಿಯಾಯಿತು.

ಮುಂದಿನ ಸಂತೆಯ ದಿನ ವಿಶಾಖಾಬಾಯಿ ಯಾರಿಗೂ ಹೇಳದೆ ಒಬ್ಬರೇ ಬಸ್ಸು ಹತ್ತಿದರು. ಈ ಸಲ ಅತಿಥಿಯಾಗಿ ಒಳಗೆ ಹೋಗಲಿಲ್ಲ. ತಲೆ ಮೇಲೆ ಸೆರಗು ಹೊದ್ದು, ಹೊರಗಿನ ಬೆಂಚಿನ ಮೇಲೆ, ಮರಾಠಿ ಮಾತಾಡುತ್ತಿದ್ದ ಮುದುಕಿಯರ ನಡುವೆ ಪಾಳಿ ಹಚ್ಚಿ ಕೂತರು. ಕೈಯಲ್ಲಿ ಫೋನು. ಬೀದರಿಗೆ ಇಸಿಜಿ ಬಂದು ತಲುಪಿದರೆ ಅದರಲ್ಲಿ ಕಾಣುತ್ತಿತ್ತು. ಕೂತರು. ಒಳಗೆ ಗಂಟೆ ಬಾರಿಸಿತು, ಒಬ್ಬ ಮುದುಕಿ ಎದ್ದು ಒಳಗೆ ಹೋದಳು. ಆಮೇಲೆ ಫೋನಿನಲ್ಲಿ ಅವಳಿಗಿಂತ ಮೊದಲು ಹೋದವಳ ಇಸಿಜಿ ಬಂತು. ಮತ್ತೆ ಗಂಟೆ, ಮತ್ತೊಬ್ಬಳು, ಮತ್ತೆ ಬಂತು. ಗಂಟೆ — ಈ ಸಲ ಬರಲಿಲ್ಲ.

ಗಂಟೆ.

ಮುಂದಿನ ಪೇಷಂಟನ್ನು ಕರೆಯಲು ಡಬ್ಬಿಗೇ ನಾನು ಕೂರಿಸಿಕೊಟ್ಟ ಗುಂಡಿ ಅದು. ನಾವು ಮೂವರು ಅತಿಥಿಗಳಾಗಿ ಕೂತಿದ್ದ ದಿನ ಆ ಗಂಟೆ ಒಮ್ಮೆಯೂ ಬಾರಿಸಿರಲಿಲ್ಲ! ಮನೆಗೆ ಬಂದವರ ಕಿವಿಯಲ್ಲಿ ಗಂಟೆ ಬಾರಿಸುವುದು ಹ್ಯಾಂಗ ಅಂತ ಬಿಸ್ಮಿಲ್ಲಾಬೀ ತಾವೇ ಎದ್ದು ಬಾಗಿಲಿಗೆ ಹೋಗಿ, ಮೆತ್ತಗೆ ಹೆಸರು ಹಿಡಿದು ಪೇಷಂಟನ್ನು ಕರೆದಿದ್ದರು. ನಮಗೆ ಮರ್ಯಾದೆ ಕೊಟ್ಟರು. ಆ ಮರ್ಯಾದೆಯೇ ಅವರಿಗೆ ಮುಳುವಾಯಿತು.

ವಿಶಾಖಾಬಾಯಿ ತಮ್ಮ ಪಾಳಿ ಬರುವವರೆಗೂ ಕೂತು, ಒಳಗೆ ಹೋಗಿ ಮುಖ ತೋರಿಸಿದರು. ಬಿಸ್ಮಿಲ್ಲಾಬೀ ಗಾಬರಿಯಾಗಿ ಕುರ್ಚಿ ಎಳೆಯಲು ಹೋದರು. ವಿಶಾಖಾಬಾಯಿ ಕೇಳಿದ್ದು ಒಂದೇ: ಇಸಿಜಿ ಹೋಗುತ್ತಿರುವಾಗಲೇ ಗಂಟೆ ಯಾಕೆ ಒತ್ತುತ್ತೀರಿ? ಬಿಸ್ಮಿಲ್ಲಾಬೀ ಹೇಳಿದರು — “ಮುದಕೇರು ಹೊರಗಿಂದ ಎದ್ದು ಬರೂದೇ ಹೊತ್ತಾಗ್ತದ್ರಿ ಮೇಡಂ. ಬಂದ್ ಮ್ಯಾಲ ಕೈಬಳಿ ಮ್ಯಾಲ ಸರಸಬೇಕು, ಪರದಾ ಹಿಂದ ಹೋಗಿ ಕುಬಸದ ಗುಂಡಿ ಬಿಚ್ಚಬೇಕು. ಜಲ್ದಿ ಜಲ್ದಿ ಅಂದ್ರ ಅವರಿಗಿ ಶರಮ ಆಗ್ತದ. ಜರಾ ಮೊದಲೇ ಕರದ್ರ ನಿವಾಂತ ಬಿಚ್ಚಕೋತಾರ.”

ಮಡೆಪ್ಪ ಹಾಗೆ ಮಾಡುತ್ತಿರಲಿಲ್ಲ. “ಹೋಯಿತು” ಎಂದು ಡಬ್ಬಿ ಸದ್ದು ಮಾಡಿದ ಮೇಲೆಯೇ ಗಂಟೆ ಒತ್ತುತ್ತಿದ್ದ. ಮಡೆಪ್ಪ ಒಳ್ಳೆಯ ಹುಡುಗ, ತಪ್ಪು ತಿಳಿಯಬೇಡಿ, ಆದರೆ ಕೈಬಳೆಯ ವಿಚಾರ ಅವನ ತಲೆಗೆ ಎಲ್ಲಿಂದ ಬರಬೇಕು?

ಮರುದಿನ ಇಲ್ಲಿ ಮೈಲೂರಿನ ಆಫೀಸಿನಲ್ಲಿ ಅದೇ ಆಟ ಹೂಡಿದೆವು. ನಮ್ಮ ಲೈನ್ ಜೋರು, ಇಸಿಜಿ ಕಣ್ಣು ಮಿಟುಕಿಸುವುದರೊಳಗೆ ಹೋಗಿಬಿಡುತ್ತಿತ್ತು. ಅದಕ್ಕೇ ಇಲ್ಲಿ ಎಂದೂ ತಪ್ಪು ಕಂಡಿರಲಿಲ್ಲ. ವಿಶಾಖಾಬಾಯಿ ಬೇಕೆಂದೇ ಲೈನನ್ನು ಔರಾದಿನಷ್ಟು ನಿಧಾನ ಮಾಡಿದರು. ಮಾಡಿ ನನ್ನ ಕೈಗೆ ಗುಂಡಿ ಕೊಟ್ಟರು. ಆಯಿ, ಇಡೀ ಮಧ್ಯಾಹ್ನ ನಾನು ಗಂಟೆ ಬಾರಿಸಿದ್ದೇನೆ. ಕೆಳಗಿನ ಅಂಗಡಿಯವರು ಬಂದು, ಮೇಲೆ ಹುಡುಗರ ಸಾಲಿ ತೆರೆದೀರೇನ್ರಿ ಎಂದು ಕೇಳಿ ಹೋದರು. ಗಂಟೆ, ಗಂಟೆ, ಗಂಟೆ — ಮತ್ತೆ ಪರದೆಯ ಮೇಲೆ “ಕಳಿಸಲು ಆಗಲಿಲ್ಲ.” ನಾವಿಬ್ಬರೂ ಕುರ್ಚಿಯಿಂದ ಎದ್ದುಬಿಟ್ಟೆವು. ತಪ್ಪು ಕಂಡಿದ್ದಕ್ಕೆ ಅಷ್ಟು ಖುಷಿಪಟ್ಟ ಜನರನ್ನು ನೀವು ನೋಡಿರಲಿಕ್ಕಿಲ್ಲ.

ಒಳಗೆ ಏನಾಗಿತ್ತು? ತಿಳಿಯುವಂತೆ ಹೇಳುತ್ತೇನೆ. ಇಸಿಜಿ ಕಳಿಸಲು ಆಪರೇಟಿಂಗ್ ಸಿಸ್ಟಂ ಒಂದು ಬಾಯಿ ತೆರೆಯುತ್ತದೆ. ಅದಕ್ಕೆ ಸಾಕೆಟ್ ಅನ್ನುತ್ತಾರೆ. ಗೋಡೆಯ ಮೇಲಿನ ಪ್ಲಗ್ಗಿನದಲ್ಲ, ಲೈನಿಗೆ ಹೋಗುವ ಬಾಯಿ. ನೀವು ಸಣ್ಣ ಬಾಯಿಯ ಬಾಟಲಿಗೆ ಕುಸುಬೆ ಎಣ್ಣೆ ಸುರಿಯುತ್ತೀರಿ. ನಡುವೆ ಯಾರೋ ಬಾಗಿಲು ಬಡಿಯುತ್ತಾರೆ. ಕೈ ನಿಲ್ಲಿಸಿ, ಹೋಗಿ ಬಾಗಿಲು ತೆಗೆದು ಬರುತ್ತೀರಿ. ಬಂದು ಏನು ಮಾಡುತ್ತೀರಿ? ಬಾಟಲಿಯಲ್ಲಿ ಎಷ್ಟು ಹೋಗಿದೆ ನೋಡಿ, ಉಳಿದದ್ದನ್ನು ಸುರಿಯುತ್ತೀರಿ. ನಮ್ಮ ಡಬ್ಬಿ ಹಾಗೆ ಮಾಡುತ್ತಿರಲಿಲ್ಲ. ಇಸಿಜಿ ಅರ್ಧ ಹೋಗಿರುವಾಗ ಗಂಟೆ ಒತ್ತಿದರೆ, ಗಂಟೆಯ ಕೆಲಸ ಮುಗಿಸಿ ಬಂದು, ಅರ್ಧ ಹೋದದ್ದನ್ನು ಮರೆತು, ಆಗಲೇ ಇಲ್ಲ ಎಂದು ಹೇಳಿ ಬಾಯಿಯನ್ನೇ ಮುಚ್ಚಿಬಿಡುತ್ತಿತ್ತು. ಬೀದರಿಗೆ ಬಂದ ಅರ್ಧ ಇಸಿಜಿ ಯಾರ ಕೆಲಸಕ್ಕೂ ಬರದೆ ಕಸಕ್ಕೆ ಹೋಗುತ್ತಿತ್ತು.

ಆ ಮರೆವು ಎಲ್ಲಿಂದ ಬಂತೆಂದು ವಿಶಾಖಾಬಾಯಿ ಸಿಸ್ಟಮ್ಮಿನ ಒಳಗೆ ಸಾಲು ಸಾಲು ಹುಡುಕುತ್ತ ಹೋದರು. ನಾನು ಚಹಾ ಕುಡಿಯುತ್ತ ಎದುರಿಗೇ ಇದ್ದೆ. ಒಂದು ಕಡೆ ಕೈ ನಿಂತಿತು. ಆಮೇಲೆ ನನ್ನ ಕಡೆ ನೋಡಿ, ಸಣ್ಣ ದನಿಯಲ್ಲಿ — ಅವರ ದನಿ ಸಣ್ಣದಾದದ್ದನ್ನು ನಾನು ಕೇಳಿದ್ದು ಅದೇ ಸಲ — “ಓಂಪ್ರಕಾಶಣ್ಣ, ಇದು ನಂದೇ ಅದ” ಅಂದರು.

ಮೂಲ ಸಿಸ್ಟಮ್ಮಿನಲ್ಲಿ ಆ ತಪ್ಪು ಇರಲಿಲ್ಲ. ಮೊದಮೊದಲು ಇಸಿಜಿ ಪೂರ್ತಿ ಹೋಗುವವರೆಗೂ ನಮ್ಮ ಗಂಟೆ ಬಾರಿಸುತ್ತಿರಲಿಲ್ಲ. ಗಂಟೆ ಒತ್ತಿದ ಕೂಡಲೇ ಬಾರಿಸುವಂತೆ ಮಾಡಿಕೊಡಿ ಮೇಡಂ ಎಂದು ಕೇಳಿಕೊಂಡವರು ಬಿಸ್ಮಿಲ್ಲಾಬೀ; ಯಾಕೆಂದು ಆಗ ಯಾರೂ ಕೇಳಿರಲಿಲ್ಲ, ಆಮೇಲೆ ಎಲ್ಲರೂ ಅದನ್ನು ಮರೆತಿದ್ದೆವು. ಅವರ ತಕ್ಲೀಫು ನೋಡಲಾರದೆ ವಿಶಾಖಾಬಾಯಿ ಒಳಗೆ ನಾಲ್ಕು ಸಾಲು ತಿದ್ದಿದ್ದರು. ತಿದ್ದುವಾಗ, ಅರ್ಧ ಹೋಗಿರಬಹುದು ಎನ್ನುವುದನ್ನು ಬಿಟ್ಟಿದ್ದರು.

ಈಗ ಯೋಚನೆ ಮಾಡಿ. ಟ್ರಸ್ಟಿನವರು ಬೇರೆ ತಾಲ್ಲೂಕುಗಳಿಗೂ ನಮ್ಮ ಡಬ್ಬಿ ಹಾಕುವ ಮಾತಾಡುತ್ತಿದ್ದ ಕಾಲ. ನಮ್ಮದು ಸಣ್ಣ ಆಫೀಸು. ಸದ್ದಿಲ್ಲದೆ ಸರಿ ಮಾಡಿಬಿಡಿ, ಲೈನು ಸುಧಾರಿಸಿತು ಅಂದರಾಯಿತು, ಯಾರು ಕೇಳುತ್ತಾರೆ ಎಂದು ನಮ್ಮವರೇ ಒಬ್ಬರು ಸಲಹೆ ಕೊಟ್ಟರು. ಅವರೂ ಇಲ್ಲೇ ಕೂತಿದ್ದಾರೆ, ಹೆಸರು ಹೇಳುವುದಿಲ್ಲ. ವಿಶಾಖಾಬಾಯಿ ಬೋರ್ಡಿನ ಹತ್ತಿರ ಹೋಗಿ, ಹಿಂದೆ ಒರೆಸಿದ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಬರೆದರು: “ವಿಶಾಖಾ ಪ್ರಾಬ್ಲಂ.”

ಟ್ರಸ್ಟಿನ ಸಭೆಯಲ್ಲಿ ಬಿಸ್ಮಿಲ್ಲಾಬೀ ಬಾಗಿಲ ಹತ್ತಿರ ನಿಂತಿದ್ದರು. ವಿಶಾಖಾಬಾಯಿ ಎದ್ದು, ಮಾಸ್ತರರ ಇಸಿಜಿ ನಿಂತದ್ದು ನಾನು ಬರೆದ ಸಾಲಿನಿಂದ, ಇವರಿಂದಲ್ಲ ಎಂದರು. ಸುತ್ತು ಬಳಸಲಿಲ್ಲ, ಕ್ಷಮೆಯ ದೊಡ್ಡ ದೊಡ್ಡ ಮಾತು ಹೇಳಲಿಲ್ಲ. ಹೇಗಾಯಿತು ಎಂದು ಗಂಟೆ ಒತ್ತಿ ತೋರಿಸಿದರು. ಆಗ ಹಾವಗೆಪ್ಪನವರು, ಪಾಪ, ಒಳ್ಳೆಯ ಮನಸ್ಸಿನಿಂದಲೇ ಒಂದು ದಾರಿ ಸೂಚಿಸಿದರು. ಇಷ್ಟೇ ಆದರೆ ರಿಪೇರಿ ಯಾಕೆ, ಇಸಿಜಿ ಹೋಗುವವರೆಗೆ ಗಂಟೆ ಒತ್ತಬಾರದು ಎಂದು ಗೋಡೆಗೆ ಒಂದು ಚೀಟಿ ಹಚ್ಚಿದರೆ ಮುಗಿಯಿತಲ್ಲ ಅಂದರು.

ವಿಶಾಖಾಬಾಯಿ ಹೇಳಿದರು — “ಗ್ವಾಡಿಗಿ ಚೀಟಿ ಹಚ್ಚೂದು ರಿಪೇರಿ ಅಲ್ರಿ. ಆಕಿ ಮಾಡೂದು ಛಲೋ ಕೆಲಸ ಅದ. ಆಕಿ ಯಾಕ ಬಿಡಬೇಕು? ನಮ್ಮ ಡಬ್ಬಿ ಕಲೀಲಿ.”

ಹಾವಗೆಪ್ಪನವರು ಕುರ್ಚಿಯಿಂದ ಎದ್ದು ಬಾಗಿಲವರೆಗೆ ಹೋದರು. ಬಿಸ್ಮಿಲ್ಲಾಬೀಗೆ ಕೈಮುಗಿದು, ನಾಳೆ ಎಂದಿನಂತೆ ಕೆಲಸಕ್ಕೆ ಬರ್ರಿ ಎಂದರು. ಸಾಹೇಬ್ರ, ನಿಮ್ಮ ಮಾನ ಉಳಿಯುತ್ತದೆ ಎಂದೆನಲ್ಲ, ಅದು ಉಳಿದದ್ದು ಅಲ್ಲಿ.

ಡಬ್ಬಿ ಕಲಿಯಿತು ಆಯಿ. ಈಗ ನಡುವೆ ಯಾರು ಕರೆದರೂ ಹೋಗಿ ಬರುತ್ತದೆ, ಎಷ್ಟು ಹೋಗಿದೆ ನೋಡಿಕೊಳ್ಳುತ್ತದೆ, ನಿಂತಲ್ಲಿಂದ ಮುಂದಕ್ಕೆ ಕಳಿಸುತ್ತದೆ. ಆ ನಾಲ್ಕು ಸಾಲಿನ ಮೇಲೆ, ಮುಂದೆ ಅದನ್ನು ಓದುವವರಿಗಾಗಿ, “ಇಲ್ಲಿ ಮೊದಲು ತಪ್ಪಿದವಳು ನಾನು, ವಿಶಾಖಾ” ಎಂದು ಬರೆದಿಟ್ಟಿದ್ದಾರೆ. ಎಷ್ಟೋ ಮಂದಿ ತಾವು ಮಾಡಿದ ಒಳ್ಳೆಯದರ ಮೇಲೆ ಹೆಸರು ಕೆತ್ತಿಸುತ್ತಾರೆ. ಈ ಹೆಣ್ಣುಮಗಳು ತನ್ನ ತಪ್ಪಿನ ಮೇಲೆ ಹೆಸರು ಕೆತ್ತಿದರು. ಅವರ ಎದುರಿನ ಮೇಜಿನಲ್ಲಿ ನಾನು ಕೂತಿದ್ದೆ ಎಂದು ಹೇಳಿಕೊಳ್ಳಲು ನನಗೆ ಎಷ್ಟು ಹೆಮ್ಮೆ ಎಂದರೆ — ಇರಲಿ.

ಚಳಿಗಾಲದಲ್ಲಿ ಹಿಡಿದ ಕಾಯಿಲೆ ಬೇಸಿಗೆ ಮುಗಿಯಲು ಬಿಡಲಿಲ್ಲ. ದವಾಖಾನೆಯಲ್ಲಿ ಮಲಗಿದಾಗ ಅವರಿಗೂ ಇಸಿಜಿ ತೆಗೆದರಂತೆ. ಕಣ್ಣು ಮುಚ್ಚಿಕೊಂಡೇ ಇದ್ದವರು, “ಪೂರಾ ಹೋತೇನ್ರಿ?” ಎಂದು ನರ್ಸಮ್ಮನನ್ನು ಕೇಳಿದರೆಂದು ಕರುಣಾ ಹೇಳಿದಳು. ಹೇಳಿ ನಕ್ಕಳು. ನಾನೂ ನಕ್ಕೆ. ನಗದೆ ಏನು ಮಾಡುವುದು, ಅವರು ಇದ್ದದ್ದೇ ಹಾಗೆ.

ಈಗ ಫೋನಿನ ಮಾತು.

ಇವತ್ತು ಔರಾದಿನ ದವಾಖಾನೆಯಲ್ಲಿ ಇಸಿಜಿ ಕೋಣೆಯನ್ನು ಮುಚ್ಚಿ ಬರುತ್ತೇವೆ ಎಂದು ಬಿಸ್ಮಿಲ್ಲಾಬೀ ನಿನ್ನೆ ಕೇಳಿಕೊಂಡಿದ್ದರು. ಆಯಿ ಒಪ್ಪಲಿಲ್ಲ. “ನನ್ನ ಮಗಳ ಹೆಸರಿಲೇ ಬಾಗಲಾ ಹಾಕಬ್ಯಾಡ್ರಿ” ಅಂದರು. ಹಾಗಾಗಿ ಬಿಸ್ಮಿಲ್ಲಾಬೀ ಇಲ್ಲಿದ್ದಾರೆ, ಅವರು ಕೈಹಿಡಿದು ಕಲಿಸಿದ ಅಂಜನಾಬಾಯಿ ಅಲ್ಲಿ ಕೂತಿದ್ದಾರೆ. ಇವತ್ತು ಸಂತೆ. ಹೊರಗಿನ ಬೆಂಚು ತುಂಬಿರುತ್ತದೆ. ಅಂಜನಾಬಾಯಿಯೂ ಗಂಟೆಯನ್ನು ಮೊದಲೇ ಒತ್ತುತ್ತಾರೆ, ಹಾಗೇ ಕಲಿಸಿದ್ದಾರೆ. ಒಂದೊಂದು ಇಸಿಜಿ ಬೀದರಿಗೆ ಪೂರ್ತಿ ಬಂದು ತಲುಪಿದಾಗ ಈ ಫೋನು ಒಂದು ಸಣ್ಣ ಸದ್ದು ಮಾಡುತ್ತದೆ.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಆಯಿ, ನೀವು ಕೂತೇ ಇರಿ. ವಿಶಾಖಾಬಾಯಿಯವರಿಗಾಗಿ ಸ್ವಲ್ಪ ಹೊತ್ತು ಮಾತಿಲ್ಲದೆ ಇರೋಣ. ನಡುವೆ ಈ ಫೋನು ಸದ್ದು ಮಾಡಿದರೆ ಯಾರೂ ಸಿಟ್ಟಾಗಬೇಡಿ, ಯಾರದೆಂದು ತಿರುಗಿ ನೋಡಬೇಡಿ. ಔರಾದಿನಲ್ಲಿ ಯಾವಳೋ ಒಬ್ಬ ಮುದುಕಿ ನಿವಾಂತವಾಗಿ ಕೈಬಳೆ ಸರಿಸಿಕೊಳ್ಳುತ್ತಿದ್ದಾಳೆ, ಅವಳಿಗಿಂತ ಮೊದಲಿನವಳ ಇಸಿಜಿ ಇಲ್ಲಿಗೆ ಬಂದು ಮುಟ್ಟಿದೆ ಎಂದು ಅರ್ಥ.

ಆಯಿ, ಏನು ಶಾಣ್ಯಾತನ ಮಾಡಿದಳು ಎಂದು ಕೇಳಿದಿರಲ್ಲ. ಕಿವಿಗೊಟ್ಟು ಕೂತಿರಿ. ಅದು ಈ ಫೋನಿನಲ್ಲಿ ಬಾರಿಸುತ್ತದೆ.